ಒಂದೂ ಐದು, ಒಂದೂ ಇಪ್ಪತ್ತು: ಪಾಠಯೋಜನೆಯನ್ನು ಯಂತ್ರ ಬರೆಯುವಾಗ ಅಂಕ ಯಾವುದಕ್ಕೆ?

ಕಳೆದ ಬೋಧನಾಭ್ಯಾಸದ ಎರಡನೆಯ ವಾರ. ಮೂಡಿಗೆರೆ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಕುಳಿತು ಬೆಳಗ್ಗೆ ಒಂದು ಪಾಠಯೋಜನೆಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ. 6ನೇ ತರಗತಿ, ಘಟಕ ದಶಮಾಂಶಗಳು, ಉಪಘಟಕ ದಶಮಾಂಶ ಸಂಖ್ಯೆಗಳ ಹೋಲಿಕೆ. ಕಲಿಕಾಂಶ, ಕಲಿಕಾ ಫಲ, ಐದು ಹಂತಗಳು, ಪ್ರತಿ ಹಂತಕ್ಕೂ ನಿಮಿಷಗಳ ಲೆಕ್ಕ, ಕೊನೆಯಲ್ಲಿ ಮೌಲ್ಯಮಾಪನದ ಪ್ರಶ್ನೆಗಳು, ಎಲ್ಲವೂ ಇದ್ದವು. ನಾವು ಎಷ್ಟು ಹೇಳಿದರೂ ಯಾರೂ ತುಂಬದ ಒಂದು ಕಲಂ ಇದೆಯಲ್ಲ, ‘ಮಕ್ಕಳು ಮಾಡಬಹುದಾದ ತಪ್ಪುಗಳು’, ಅದೂ ಭರ್ತಿಯಾಗಿತ್ತು. ‘ಬಿಂದುವಿನ ನಂತರದ ಭಾಗವನ್ನು ಪೂರ್ಣ ಸಂಖ್ಯೆಯೆಂದು ಭಾವಿಸಿ 1.5ಕ್ಕಿಂತ 1.20 ದೊಡ್ಡದು ಎನ್ನಬಹುದು’ ಎಂದು ಬರೆದು ಪಕ್ಕದಲ್ಲೇ ಪರಿಹಾರವನ್ನೂ ಕೊಟ್ಟಿತ್ತು: ‘ಸೊನ್ನೆ ಸೇರಿಸಿ ಎರಡರಲ್ಲೂ ಸ್ಥಾನಗಳನ್ನು ಸಮ ಮಾಡುವುದು.’ ನಾನು ಸಂತೋಷದಿಂದಲೇ ಅಂಕ ಬರೆದೆ.

ಮಧ್ಯಾಹ್ನದ ಹೊತ್ತಿಗೆ ಆ ಅಂಕದ ಬಗ್ಗೆ ನನಗೇ ನಾಚಿಕೆಯಾಗಿತ್ತು.

ಪಾಠ ಯೋಜನೆಯಂತೆಯೇ ನಡೆಯಿತು. ಬೋರ್ಡಿನ ಮೇಲೆ 1.5 ಮತ್ತು 1.20 ಬರೆದು ಯಾವುದು ದೊಡ್ಡದು ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ಮೂರನೇ ಬೆಂಚಿನ ಹುಡುಗ ಎದ್ದು ನಿಂತು ಧೈರ್ಯವಾಗಿ ‘ಒಂದೂ ಇಪ್ಪತ್ತು, ಮೇಡಂ’ ಎಂದ. ಯೋಜನೆಯಲ್ಲಿ ಊಹಿಸಿದ್ದ ತಪ್ಪು ಊಹಿಸಿದ ಹಾಗೆಯೇ ಬಂದಿತ್ತು. ಅವರು ‘ತಪ್ಪು, ಕೂತ್ಕೋ’ ಎಂದರು. 1.5ರ ಮುಂದೆ ಸೊನ್ನೆ ಹಾಕಿ 1.50 ಮಾಡಿದರು. ಐವತ್ತು ದೊಡ್ಡದೋ ಇಪ್ಪತ್ತು ದೊಡ್ಡದೋ ಎಂದು ಕೇಳಿದರು. ತರಗತಿ ಒಕ್ಕೊರಲಿನಿಂದ ‘ಐವತ್ತು’ ಎಂದಿತು. ಹುಡುಗ ಪುಸ್ತಕದಲ್ಲಿ ಅದನ್ನೇ ಬರೆದುಕೊಂಡ. ಮುಂದಿನ ಲೆಕ್ಕ 2.8 ಮತ್ತು 2.35. ನಾನು ಅವನ ಹಿಂದಿನ ಬೆಂಚಿನಲ್ಲೇ ಕುಳಿತಿದ್ದೆ. ಅವನು 2.35 ದೊಡ್ಡದು ಎಂದು ಬರೆದ.

ಗಂಟೆ ಹೊಡೆದ ಮೇಲೆ ಅವನ ಪಕ್ಕ ಕುಳಿತು, ಒಂದೂ ಇಪ್ಪತ್ತು ದೊಡ್ಡದು ಅಂತ ಯಾಕನ್ನಿಸಿತು ಎಂದು ಕೇಳಿದೆ. ‘ಮೊನ್ನೆ ಒಂದೂ ಐದ್ ಬಿದ್ದಿತ್ತು ಮೇಡಂ, ನಿನ್ನೆ ಒಂದೂ ಇಪ್ಪತ್ತು. ನಿನ್ನೇದೇ ಜಾಸ್ತಿ ಅಲ್ವಾ?’ ಎಂದ. ಬಿದ್ದದ್ದು ಏನು ಎಂದು ಕೇಳುವ ಅಗತ್ಯ ಈ ಕಡೆಯವರಿಗೆ ಇಲ್ಲ. ಅವನ ಅಪ್ಪ ಹತ್ತಿರದ ಕಾಫಿ ತೋಟದಲ್ಲಿ ರೈಟರು. ಪ್ರತಿದಿನ ಬೆಳಗ್ಗೆ ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿ, ಪುಸ್ತಕದಲ್ಲಿ ಬರೆದು, ಸಾಹುಕಾರರಿಗೆ ಫೋನಿನಲ್ಲಿ ಹೇಳುವುದು ಅವರ ಕೆಲಸ. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ಮಳೆ ಇನ್ನೂ ಇಂಚು ಮತ್ತು ಸೆಂಟಿನಲ್ಲೇ ಬೀಳುತ್ತದೆ. ನೂರು ಸೆಂಟಿಗೆ ಒಂದು ಇಂಚು. ‘ಒಂದೂ ಐದು’ ಅಂದರೆ ಒಂದು ಇಂಚು ಐದು ಸೆಂಟು, ‘ಒಂದೂ ಇಪ್ಪತ್ತು’ ಅಂದರೆ ಒಂದು ಇಂಚು ಇಪ್ಪತ್ತು ಸೆಂಟು. ಹುಡುಗ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಬೋರ್ಡಿನ ಮೇಲಿದ್ದ 1.5 ಅವನ ಮನೆಯ ‘ಒಂದೂ ಐದು’ ಅಲ್ಲ ಎಂಬುದನ್ನು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ.

‘ನಿಮ್ಮಪ್ಪ ಪುಸ್ತಕದಲ್ಲಿ ಒಂದೂ ಐದನ್ನ ಹೇಗೆ ಬರೀತಾರೆ, ಬರೆದು ತೋರಿಸು’ ಎಂದೆ. ಅವನು 1.05 ಎಂದು ಬರೆದ. ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಬೋರ್ಡಿನ ಕಡೆ ನೋಡಿ, ‘ಹಂಗಾದ್ರೆ ಅದು ಒಂದೂ ಐವತ್ತಾ?’ ಎಂದು ಕೇಳಿದ. ನಾನು ಏನನ್ನೂ ಹೇಳಬೇಕಾಗಲಿಲ್ಲ. 2.35ರ ಉತ್ತರವನ್ನು ಅವನೇ ಹೊಡೆದುಹಾಕಿದ. ಎಲ್ಲ ಸೇರಿ ಮೂರು ನಿಮಿಷ ಹಿಡಿದಿರಬಹುದು.

ಆ ಪ್ರಶಿಕ್ಷಣಾರ್ಥಿಯನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವರು ಪರಿಶ್ರಮಿ, ಧ್ವನಿ ಸ್ಪಷ್ಟ, ಬೋರ್ಡಿನ ಬರಹ ಅಚ್ಚುಕಟ್ಟು. ಅವರ ಯೋಜನೆಯನ್ನು ಫೋನಿನಲ್ಲಿರುವ ಕೃತಕ ಬುದ್ಧಿಮತ್ತೆ ಬರೆದಿತ್ತು ಎಂಬುದು ಆ ಸಂಜೆ ಗೊತ್ತಾಯಿತು. ಗೊತ್ತಾಗದೆ ಇರುವುದಾದರೂ ಹೇಗೆ? ಆ ವಾರ ನನ್ನ ಮುಂದಿದ್ದ ಹನ್ನೊಂದು ಕಡತಗಳಲ್ಲಿ ಏಳು ಒಂದೇ ವಾಕ್ಯದಿಂದ ಆರಂಭವಾಗಿದ್ದವು. ಏಳರಲ್ಲಿಯೂ ಪೀಠಿಕೆಗೆ ಪಿಜ್ಜಾ ಬಂದಿತ್ತು. ಕಳಸದ ಕಡೆಯ ಮಗುವಿಗೆ ಭಿನ್ನರಾಶಿ ಹೇಳಲು ಪಿಜ್ಜಾ! ಹಲಸಿನ ಹಣ್ಣು ಹೋಗಲಿ, ಒಂದು ಕಡುಬಾದರೂ ಹೊಳೆಯಬಾರದೆ? ಫೋನಿನಲ್ಲಿ ಬರೆಸಿದವರು ಯಾರು ಎಂದು ಕೇಳಿದಾಗ ಮೊದಲು ಮೌನ, ನಂತರ ಒಂದು ಕೈ, ಆಮೇಲೆ ಎಲ್ಲ ಕೈಗಳು.

ಹಾಗೆಂದು ಹಿಂದೆ ಎಲ್ಲವೂ ಸರಿಯಿತ್ತು ಎಂದು ಹೇಳುವ ಹಕ್ಕು ನಮಗೆ, ಅಂದರೆ ವೀಕ್ಷಕರ ಕುರ್ಚಿಯಲ್ಲಿ ಕೂರುವವರಿಗೆ ಇಲ್ಲ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಯಲ್ಲಿ. ಅದಕ್ಕೆ ಮೊದಲು ಹಾಸ್ಟೆಲಿನ ಟ್ರಂಕಿನಲ್ಲಿ ಹಿಂದಿನ ಬ್ಯಾಚಿನ ಕಡತ ಇರುತ್ತಿತ್ತು. ಅದನ್ನು ರಾತ್ರಿ ಕೈಬರಹದಲ್ಲಿ ನಕಲಿಸಿ, ರಟ್ಟಿಗೆ ಬಣ್ಣದ ಕಾಗದ ಹಚ್ಚಿ ತಂದರೆ ನಾವು ಸಹಿ ಹಾಕುತ್ತಿದ್ದೆವು. ಆ ನಕಲಿಗೆ ಹೋಲಿಸಿದರೆ ಯಂತ್ರದ ಯೋಜನೆ ಗುಣಮಟ್ಟದಲ್ಲಿ ಮೇಲು ಎಂದು ಪ್ರಾಮಾಣಿಕವಾಗಿ ಒಪ್ಪಬೇಕು. ತಪ್ಪುಗಳ ಕಲಂ ತುಂಬಿಸುತ್ತದೆ, ಹಂತಗಳ ಕ್ರಮ ಬಿಡುವುದಿಲ್ಲ, ಕಾಗುಣಿತವೂ ಬಹುಮಟ್ಟಿಗೆ ಸರಿ. ನನಗೆ ಚಿಂತೆಯಾಗಿರುವುದು ಅದರ ಗುಣಮಟ್ಟದ ಬಗ್ಗೆಯೇ. ಹಳೆಯ ನಕಲು ಕಡತ ಕೆಟ್ಟದಾಗಿದ್ದುದರಿಂದ ತರಗತಿಯಲ್ಲಿ ಅದು ಬೇಗ ಕೈಕೊಡುತ್ತಿತ್ತು. ಆಗ ಪ್ರಶಿಕ್ಷಣಾರ್ಥಿ ಕಡತ ಮಡಚಿಟ್ಟು ಮಕ್ಕಳ ಮುಖ ನೋಡಲೇಬೇಕಾಗುತ್ತಿತ್ತು. ಒಳ್ಳೆಯ ಯೋಜನೆ ಹಾಗೆ ಕೈಕೊಡುವುದಿಲ್ಲ. ಅದು ಹುಡುಗನ ತಪ್ಪನ್ನು ಮೊದಲೇ ಹೆಸರಿಸಿರುತ್ತದೆ. ಹೆಸರು ಸಿಕ್ಕಿತಲ್ಲ ಎಂದು ಯಾಕೆ ಎಂದು ಕೇಳುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ಹತ್ತಿರದ ಒಂದು ಅಧ್ಯಯನ ಗಣಿತ ಶಿಕ್ಷಕರೆಲ್ಲರಿಗೂ ಗೊತ್ತಿರಬೇಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯ ಸಂಶೋಧಕರು ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆಸಿ, 2024ರಲ್ಲಿ ಮೊದಲು ಹೊರತಂದ ಪ್ರಯೋಗ ಅದು. ಗಣಿತದ ಅಭ್ಯಾಸ ಲೆಕ್ಕ ಮಾಡುವಾಗ ಒಂದು ಗುಂಪಿಗೆ ಚಾಟ್‌ಜಿಪಿಟಿಯಂಥ ಸಹಾಯಕವನ್ನು ಹಾಗೆಯೇ ಕೊಟ್ಟರು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ಸಲಹೆಯಿಂದ ತಿದ್ದಿದ ಸಹಾಯಕ. ಮೂರನೆಯ ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿ ಅಷ್ಟೇ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿನ ಸಾಧನೆ ಶೇ. 48ರಷ್ಟು, ಎರಡನೆಯದರದು ಶೇ. 127ರಷ್ಟು ಹೆಚ್ಚಿತು. ನಂತರ ಯಂತ್ರ ತೆಗೆದು ಪರೀಕ್ಷೆ ಕೊಟ್ಟರು. ಮೊದಲ ಗುಂಪು, ಯಂತ್ರವನ್ನೇ ಕಾಣದವರಿಗಿಂತ ಶೇ. 17ರಷ್ಟು ಹಿಂದೆ ಬಿತ್ತು. ಸುಳಿವಿನ ಗುಂಪಿಗೆ ಆ ನಷ್ಟ ಬಹುಮಟ್ಟಿಗೆ ಆಗಲಿಲ್ಲ. ಆದರೆ ಅಭ್ಯಾಸದಲ್ಲಿ ಕಂಡ ಆ ದೊಡ್ಡ ಲಾಭವೂ ಪರೀಕ್ಷೆಯವರೆಗೆ ಬರಲಿಲ್ಲ.

ಈ ಅಂಕಿಗಳನ್ನು ಸಾಮಾನ್ಯವಾಗಿ ಮಕ್ಕಳ ಬಗ್ಗೆ ಎಚ್ಚರಿಕೆ ಎಂದು ಹೇಳುತ್ತಾರೆ. ನಾನು ಅದನ್ನು ನಮ್ಮ ಬಗ್ಗೆಯೇ ಓದಿಕೊಂಡೆ. ಬೋಧನಾಭ್ಯಾಸದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳೂ ಅಭ್ಯಾಸದ ಲೆಕ್ಕ ಮಾಡುತ್ತಿರುವವರೇ. ಅವರ ಲೆಕ್ಕ ಯಾವುದು? ಯಾವ ಉದಾಹರಣೆ ಈ ಊರಿಗೆ ಹೊಂದುತ್ತದೆ, ಮಗು ಎಲ್ಲಿ ಎಡವುತ್ತದೆ, ಎಡವಿದಾಗ ಏನು ಕೇಳಬೇಕು ಎಂದು ಯೋಚಿಸುವುದು. ಪಾಠಯೋಜನೆ ಬರೆಯಿಸುತ್ತಿದ್ದುದು ಈ ಯೋಚನೆ ನಡೆಯಲಿ ಎಂದೇ ಹೊರತು ಕಾಗದ ಬೇಕಾಗಿತ್ತು ಎಂದಲ್ಲ. ಕಾಗದ ಈಗ ಅರ್ಧ ನಿಮಿಷದಲ್ಲಿ ಬರುತ್ತದೆ, ಯೋಚನೆ ನಡೆದಿರುವುದಿಲ್ಲ. ನಾವು ಮಾತ್ರ ಇನ್ನೂ ಕಾಗದಕ್ಕೇ ಅಂಕ ಹಾಕುತ್ತಿದ್ದೇವೆ.

ಸಹೋದ್ಯೋಗಿಯೊಬ್ಬರು ಕ್ಯಾಲ್ಕುಲೇಟರಿನ ಕಥೆ ನೆನಪಿಸಿದರು. ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿ 1980ರಲ್ಲೇ ಎಲ್ಲ ತರಗತಿಗಳಲ್ಲೂ ಕ್ಯಾಲ್ಕುಲೇಟರ್ ಬಳಸಿ ಎಂದಿತು, ಆಗಲೂ ಗಣಿತ ಮುಳುಗಿತು ಎಂದು ಜನ ಕೂಗಾಡಿದರು, ಮುಳುಗಲಿಲ್ಲವಲ್ಲ ಎಂಬುದು ಅವರ ವಾದ. ಹೋಲಿಕೆ ಅರ್ಧ ಸರಿ. ಕ್ಯಾಲ್ಕುಲೇಟರ್ ಗುಣಾಕಾರವನ್ನು ತೆಗೆದುಕೊಂಡಿತು. ಇದು ವಿವರಣೆಯನ್ನು, ಉದಾಹರಣೆಯನ್ನು, ಪ್ರಶ್ನೆಯನ್ನು, ತಪ್ಪಿನ ನಿದಾನವನ್ನು ತೆಗೆದುಕೊಳ್ಳುತ್ತಿದೆ. ಕ್ಯಾಲ್ಕುಲೇಟರ್ ಬಂದಾಗ ಶಿಕ್ಷಕರ ಕೈಯಲ್ಲಿ ಉಳಿದದ್ದೆಲ್ಲ ಇವೇ.

ಇನ್ನು ಕೆಲವರು ‘ಅದು ಲೆಕ್ಕ ತಪ್ಪು ಮಾಡುತ್ತದೆ, ನಂಬಬೇಡಿ’ ಎಂದು ಹೇಳಿ ಮುಗಿಸುತ್ತಾರೆ. ಈ ವಾದದ ಮೇಲೆ ಏನನ್ನೂ ಕಟ್ಟಬೇಡಿ ಎಂದು ನನ್ನ ಕಳಕಳಿ. 2025ರ ಜುಲೈನಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನ ಆರು ಪ್ರಶ್ನೆಗಳಲ್ಲಿ ಐದನ್ನು ಗೂಗಲ್ ಡೀಪ್‌ಮೈಂಡ್‌ನ ಯಂತ್ರ ಬಿಡಿಸಿ 42ಕ್ಕೆ 35 ಅಂಕ ಪಡೆಯಿತು. ಅದು ಚಿನ್ನದ ಪದಕದ ಮಟ್ಟ. ಅದರ ಹಿಂದಿನ ವರ್ಷ 28 ಅಂಕ, ಬೆಳ್ಳಿಯ ಮಟ್ಟ. ಎರಡು ವರ್ಷಗಳ ಹಿಂದೆ ಅದರ ಗುಣಾಕಾರ ನೋಡಿ ನಾವು ನಕ್ಕದ್ದನ್ನು ನೆನಪಿಡಿ. ಅದರ ಕನ್ನಡವೂ ಹಾಗೆಯೇ. ಇವತ್ತು ಭಾಜ್ಯ, ಭಾಜಕ ಅದಲು ಬದಲು ಮಾಡಿದರೂ ನಾಳೆ ಸರಿಹೋಗುತ್ತದೆ. ಆದರೆ ಮೂರನೇ ಬೆಂಚಿನ ಹುಡುಗನ ಅಪ್ಪ ರೈಟರು ಎಂಬುದು ಅದಕ್ಕೆ ತಾನಾಗಿ ಗೊತ್ತಾಗುವ ದಾರಿ ಇಲ್ಲ. ಯಾರಾದರೂ ಹೇಳಬೇಕು, ಹೇಳುವವರಿಗೆ ಮೊದಲು ಅದು ಗೊತ್ತಿರಬೇಕು.

ಇದನ್ನು ಪರೀಕ್ಷಿಸಿಯೂ ನೋಡಿದೆ. ಆ ಸಂಜೆ ಪ್ರಶಿಕ್ಷಣಾರ್ಥಿಯ ಫೋನನ್ನೇ ತೆಗೆದುಕೊಂಡು, ಮಳೆ ಮಾಪಕ, ಇಂಚು, ಸೆಂಟು, ‘ಒಂದೂ ಐದು’ ಎಂಬ ಮಾತಿನ ರೂಢಿ ಎಲ್ಲವನ್ನೂ ಕನ್ನಡದಲ್ಲೇ ಟೈಪ್ ಮಾಡಿ, ಈ ಮಗುವಿಗೆ ನಾಳೆ ಏನು ಮಾಡಿಸಬಹುದು ಎಂದು ಇಬ್ಬರೂ ಸೇರಿ ಕೇಳಿದೆವು. ಬಂದ ಉತ್ತರ ಚೆನ್ನಾಗಿತ್ತು. ಒಂದು ವಾರದ ಮಳೆಯ ಅಂಕಿಗಳನ್ನು ಮಕ್ಕಳಿಂದಲೇ ತರಿಸಿ ಏರಿಕೆ ಕ್ರಮದಲ್ಲಿ ಬರೆಸಿ, ನೂರು ಮನೆಗಳ ಚೌಕದಲ್ಲಿ ಐದು ಸೆಂಟನ್ನೂ ಐವತ್ತು ಸೆಂಟನ್ನೂ ಬಣ್ಣ ಹಚ್ಚಿಸಿ ಎಂದಿತು. ನನಗೂ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ. ಒಂದೇ ಯಂತ್ರ, ಒಂದೇ ಪ್ರಶಿಕ್ಷಣಾರ್ಥಿ. ಬೆಳಗಿನ ಯೋಜನೆಗೂ ಸಂಜೆಯದಕ್ಕೂ ನಡುವೆ ಆದದ್ದು ಆ ಹುಡುಗನ ಜೊತೆಗಿನ ಮೂರು ನಿಮಿಷದ ಮಾತು.

ಪಠ್ಯಪುಸ್ತಕದ ದಶಮಾಂಶ ಪಾಠ ಬಹುಕಾಲ ರೂಪಾಯಿ ಪೈಸೆಯ ಮೇಲೆ ನಿಂತಿತ್ತು. ಈಗ ಪೈಸೆ ಕಂಡ ಮಕ್ಕಳಿಲ್ಲ. ಫೋನಿನಲ್ಲಿ ಹಣ ಹಾಕುವಾಗ ಬಿಂದುವಿನ ಮುಂದೆ ಬರುವುದು ಎರಡು ಸೊನ್ನೆ ಮಾತ್ರ. ಈ ಪರಿಸ್ಥಿತಿಯಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಪ್ರತಿದಿನ ಕಿವಿಯಾರೆ ಕೇಳುವ ದಶಮಾಂಶ ಎಂದರೆ ಮಳೆ. ಹೂಮಳೆ ಎಂಬತ್ತು ಸೆಂಟು ಬಿತ್ತೋ ಇಪ್ಪತ್ತೇ ಬಿತ್ತೋ ಎಂಬುದರ ಮೇಲೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ತೀರ್ಮಾನವಾಗುವ ಮನೆಗಳಿಂದ ಅವರು ಬರುತ್ತಾರೆ. ಅಂಥ ಸಾಮಗ್ರಿ ಎದುರಿಗೇ ಇರುವಾಗ ಹನ್ನೊಂದು ಕಡತಗಳಲ್ಲಿ ಒಂದರಲ್ಲೂ ಮಳೆ ಇರಲಿಲ್ಲ.

ಸ್ಥಳೀಯ ಉದಾಹರಣೆ ಕೊಡು ಎಂದು ಯಂತ್ರಕ್ಕೆ ಹೇಳಿದರಾಯಿತು ಎನ್ನುವವರೂ ಇದ್ದಾರೆ. ನಮ್ಮ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಹಾಗೆಯೇ ಹೇಳಿ ಶೇಕಡಾವಾರಿನ ಲೆಕ್ಕ ತರಿಸಿಕೊಂಡಿದ್ದರು. ‘ಒಬ್ಬ ರೈತನು 100 ಕೆ.ಜಿ. ಕಾಫಿ ಹಣ್ಣಿನಿಂದ 80 ಕೆ.ಜಿ. ಕಾಫಿ ಪುಡಿಯನ್ನು ಪಡೆದನು...’ 7ನೇ ತರಗತಿಯ ಹಿಂದಿನ ಸಾಲು ಕಿಸಕ್ಕೆಂದು ನಕ್ಕಿತು. ಐದಾರು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ.ಯಷ್ಟು ಬೀಜ ಬಂದರೆ ಅದೇ ಸರಿ ಎಂದು ಆ ಮಕ್ಕಳಿಗೆ ಗೊತ್ತು. ನಿಜವಾದ ಶೇಕಡಾವಾರು ಅವರ ಮನೆಯಲ್ಲೇ ಇದೆ. ಐವತ್ತು ಕೆ.ಜಿ.ಯ ಚೆರಿ ಮೂಟೆಯಿಂದ ಇಪ್ಪತ್ತಾರು ಕೆ.ಜಿ. ಬೀಜ ಬಂದರೆ ವ್ಯಾಪಾರಿ ‘ಔಟ್‌ಟರ್ನ್ ಇಪ್ಪತ್ತಾರು’ ಎನ್ನುತ್ತಾನೆ, ಅಂದರೆ ಶೇ. 52. ಇಪ್ಪತ್ತೈದಕ್ಕೆ ಇಳಿದರೆ ಶೇ. 50, ಮೂಟೆಯ ಬೆಲೆಯೂ ಆ ಪ್ರಮಾಣದಲ್ಲಿ ಇಳಿಯುತ್ತದೆ. ನೂರರ ಮೇಲೆ ಹೇಳುವುದಕ್ಕೂ ಐವತ್ತರ ಮೇಲೆ ಹೇಳುವುದಕ್ಕೂ ಏನು ವ್ಯತ್ಯಾಸ, ಶೇಕಡಾ ಎಂದರೆ ನೂರೇ ಏಕೆ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಬಾಗಿಲು ಯಾವ ಪುಸ್ತಕದಲ್ಲಿದೆ? ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗನೆನಿಸಿದ, 12ನೇ ಶತಮಾನದ ರಾಜಾದಿತ್ಯ ತನ್ನ ಗ್ರಂಥಕ್ಕೆ ‘ವ್ಯವಹಾರಗಣಿತ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಯಂತ್ರದ ಪರವಾಗಿ ಹೇಳಬೇಕಾದದ್ದೂ ಇದೆ, ಅದನ್ನು ಚಿಕ್ಕದು ಮಾಡುವುದಿಲ್ಲ. ಡಿ.ಇಎಲ್.ಇಡಿ.ಗೆ ಬರುವವರಲ್ಲಿ ಅನೇಕರು 10ನೇ ತರಗತಿಯ ಪರೀಕ್ಷೆ ಮುಗಿದ ದಿನವೇ ಗಣಿತಕ್ಕೆ ಕೈಮುಗಿದವರು. ಅಂಥ ಒಬ್ಬರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಭಿನ್ನರಾಶಿಯ ಭಾಗಾಕಾರದಲ್ಲಿ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸುವುದು ಯಾಕೆ ಎಂದು ಅವರಿಗೆ ಶಾಲೆಯಲ್ಲೂ ಗೊತ್ತಾಗಿರಲಿಲ್ಲ, ನಮ್ಮ ಕಾಲೇಜಿನಲ್ಲೂ ಗೊತ್ತಾಗಲಿಲ್ಲ. ಒಂದು ರಾತ್ರಿ ಫೋನಿನಲ್ಲಿ ಅದನ್ನೇ ಏಳು ಸಲ ಕೇಳಿದರಂತೆ. ಏಳನೆಯ ಸಲ, ಮೂರು ಕೆ.ಜಿ. ಕಾಫಿ ಪುಡಿಯಲ್ಲಿ ಕಾಲು ಕೆ.ಜಿ.ಯ ಪೊಟ್ಟಣ ಎಷ್ಟಾಗುತ್ತವೆ ಎಂದು ಯೋಚಿಸುವಾಗ ಒಂದು ಕೆ.ಜಿ.ಗೆ ನಾಲ್ಕು, ಮೂರಕ್ಕೆ ಹನ್ನೆರಡು, ಓಹೋ ಆ ನಾಲ್ಕು ಬಂದದ್ದು ಇಲ್ಲಿಂದಲೋ ಎಂದು ಬೆಳಕಾಯಿತಂತೆ. ‘ನಿಮ್ಮನ್ನ ಏಳು ಸಲ ಕೇಳೋಕ್ಕಾಗ್ತಿತ್ತಾ ಮೇಡಂ?’ ಎಂದರು. ನನಗೆ ಉತ್ತರ ಇರಲಿಲ್ಲ. ಈ ನಿಯಮ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲೇ, ಅಂದರೆ 9ನೇ ಶತಮಾನದಲ್ಲೇ ಇದೆ. ಸಾವಿರದ ನೂರು ವರ್ಷಗಳಿಗೂ ಮಿಕ್ಕಿ ನಿಯಮ ಕೈಯಿಂದ ಕೈಗೆ ಬಂದಿದೆ. ಯಾಕೆ ಎಂಬುದು ಆ ಹುಡುಗಿಗೆ ಅರ್ಧರಾತ್ರಿಯಲ್ಲಿ ಫೋನಿನಿಂದ ಬಂತು. ನಾಚಿಕೆಯಿಲ್ಲದೆ ಕೇಳುವ ಅವಕಾಶವನ್ನು ನಾವು ಕೊಡದೆ ಯಂತ್ರ ಕೊಟ್ಟಿದ್ದರೆ, ಯಂತ್ರವನ್ನು ಬೈಯುವುದು ನ್ಯಾಯವಲ್ಲ.

ಕೊಯ್ಲಿನ ಕಾಲದಲ್ಲಿ ಅಸ್ಸಾಂನಿಂದ, ಜಾರ್ಖಂಡಿನಿಂದ ಬಂದು ಲೈನ್ ಮನೆಗಳಲ್ಲಿ ಇಳಿಯುವ ಕುಟುಂಬಗಳ ಮಕ್ಕಳು ಕೆಲವೊಮ್ಮೆ ಡಿಸೆಂಬರಿನಲ್ಲಿ ನಮ್ಮ ಶಾಲೆಗಳಿಗೆ ಸೇರುತ್ತಾರೆ. ಅಂಥ ಒಂದು ಮಗು ‘ಹೆಚ್ಚು’, ‘ಕಡಿಮೆ’, ‘ಉಳಿದದ್ದು’ ಎಂಬ ಮಾತುಗಳು ತಿಳಿಯದೆ ಸುಮ್ಮನೆ ಕೂತಿತ್ತು. ಪ್ರಶಿಕ್ಷಣಾರ್ಥಿ ಫೋನಿನಲ್ಲಿ ಆ ನಾಲ್ಕಾರು ಪದಗಳನ್ನು ಅದರ ಭಾಷೆಯಲ್ಲಿ ಕೇಳಿಸಿಕೊಂಡು, ತಡವರಿಸುತ್ತಾ ಹೇಳಿದರು. ಮಗು ನಕ್ಕಿತು, ನಂತರ ಬಾಯಿಬಿಟ್ಟಿತು. ಅಮ್ಮ 64 ಕೆ.ಜಿ. ಹಣ್ಣು ಕೊಯ್ದರೆ ಕೆ.ಜಿ.ಗೆ 5 ರೂಪಾಯಿಯಂತೆ ಎಷ್ಟು ಎಂದು ಕೇಳಿದರೆ ಕಾಗದ ಮುಟ್ಟದೆ 320 ಎಂದಿತು. ಹೇಗೆ ಎಂದರೆ ಹತ್ತರಿಂದ 640, ಅದರಲ್ಲಿ ಅರ್ಧ. ಇಲ್ಲಿಯೂ ಫೋನು ಒಳ್ಳೆಯ ಕೆಲಸ ಮಾಡಿತು, ಏಕೆಂದರೆ ಮಗುವಿನ ಮಾತು ಕೇಳಬೇಕೆಂದು ಹೊರಟವರ ಕೈಯಲ್ಲಿ ಅದಿತ್ತು.

ಹೀಗಿರುವಾಗ ಫೋನು ನಿಷೇಧಿಸಿ ಎನ್ನುವ ಸಲಹೆಯಲ್ಲಿ ನನಗೆ ಆಸಕ್ತಿಯಿಲ್ಲ. ಆಗುವ ಮಾತೂ ಅಲ್ಲ. ಶಾಲೆಯಲ್ಲಿ ರೇಂಜ್ ಸಿಗದಿದ್ದರೆ ಗುಡ್ಡ ಹತ್ತಿ ಯೋಜನೆ ಇಳಿಸಿಕೊಂಡು ಬರುತ್ತಾರೆ. ನನ್ನ ಸಲಹೆ ಬೇರೆ: ಬೋಧನಾಭ್ಯಾಸದ ಆಂತರಿಕ ಅಂಕಗಳಲ್ಲಿ ಪಾಠಯೋಜನೆಗೆಂದು ನಾವು ಇಟ್ಟುಕೊಂಡಿರುವುದನ್ನು ತೆಗೆದುಬಿಡೋಣ. ಯೋಜನೆ ಬರೆಯಲಿ, ಯಂತ್ರದಿಂದಲೇ ಬರೆಸಲಿ, ಬರೆಸಿದ್ದೇನೆ ಎಂದು ಮೇಲೆ ಒಂದು ಸಾಲು ಹಾಕಲಿ, ನಾವು ಓದಿ ಸಹಿ ಮಾಡೋಣ. ಅಂಕ ಮಾತ್ರ ಬೇಡ. ಆ ಅಂಕಗಳನ್ನು ‘ತಪ್ಪಿನ ಪುಸ್ತಕ’ ಎಂದು ನಾನು ಕರೆಯುತ್ತಿರುವ ಒಂದು ಸಣ್ಣ ನೋಟ್‌ಬುಕ್ಕಿಗೆ ಕೊಡೋಣ. ಪ್ರತಿ ಪಾಠದ ನಂತರ ಮೂವರು ಮಕ್ಕಳ ಒಂದೊಂದು ತಪ್ಪು ಉತ್ತರ, ಅವರು ಬರೆದ ಹಾಗೆಯೇ. ‘ಹೇಗೆ ಮಾಡಿದೆ?’ ಎಂದು ಕೇಳಿದಾಗ ಮಗು ಹೇಳಿದ ಮಾತು, ಅದರ ಬಾಯಲ್ಲಿ ಬಂದ ಹಾಗೆಯೇ, ತಿದ್ದದೆ. ಆ ಮಾತಿನಲ್ಲಿ ಸರಿಯಿರುವುದು ಏನು. ಮರುದಿನ ಏನು ಮಾಡಿದಿರಿ, ಏನಾಯಿತು. ಮೂರನೆಯ ಪ್ರಶ್ನೆಯನ್ನು ಬೇಕೆಂದೇ ಇಟ್ಟಿದ್ದೇನೆ. ತಪ್ಪು ಏನು ಎಂದು ಹೇಳಲು ಯಂತ್ರ ಸಾಕು. ಆ ಹುಡುಗನ ತಪ್ಪಿನೊಳಗೆ ಸರಿಯಾದ ಮಳೆ ಲೆಕ್ಕ ಇತ್ತಲ್ಲ, ಅದನ್ನು ಕಾಣಬೇಕಾದರೆ ಪಕ್ಕದಲ್ಲಿ ಕೂರಬೇಕು.

ಇದನ್ನೂ ಯಂತ್ರದಿಂದ ಬರೆಸಿಬಿಡುತ್ತಾರೆ ಎಂದು ನಮ್ಮ ಶಿಕ್ಷಕರ ಕೊಠಡಿಯಲ್ಲಿ ನಗುತ್ತಲೇ ಹೇಳಿದರು. ಬರೆಸಬಹುದು. ಮಗುವಿನ ಮಾತನ್ನು ಕಲ್ಪಿಸಿ ಬರೆಯುವುದು ಯಂತ್ರಕ್ಕೆ ಕಷ್ಟವಲ್ಲ. ಅದಕ್ಕೆ ಉಪಾಯ ಒಂದೇ, ಅದು ನಮಗೆ ಸ್ವಲ್ಪ ಕಷ್ಟದ್ದು. ವೀಕ್ಷಕರು ಹಿಂದಿನ ಗೋಡೆಗೆ ಒರಗಿ, ‘ಕಪ್ಪುಹಲಗೆ ಬಳಕೆ ಉತ್ತಮ, ಧ್ವನಿಯ ಏರಿಳಿತ ಬೇಕು’ ಎಂದು ಬರೆಯುವುದನ್ನು ನಿಲ್ಲಿಸಿ, ಆ ಪುಸ್ತಕ ಹಿಡಿದು ಆ ಮಗುವಿನ ಹತ್ತಿರ ಹೋಗಬೇಕು. ನಿನ್ನೆ ಹೀಗೆ ಹೇಳಿದೆಯಂತಲ್ಲ, ಈಗ ಇದನ್ನು ಮಾಡು ನೋಡೋಣ ಎನ್ನಬೇಕು. ಹಾಗೆ ಮಾಡಿದರೆ ಒಂದು ಅವಧಿಯಲ್ಲಿ ಎರಡು ಪಾಠ ಮಾತ್ರ ನೋಡಲಾಗುತ್ತದೆ, ಈಗಿನಂತೆ ನಾಲ್ಕಲ್ಲ. ಮಳೆ ರಜೆಯಲ್ಲಿ ದಿನಗಳು ಕೊಚ್ಚಿಹೋಗುವ ಜುಲೈ, ಆಗಸ್ಟಿನಲ್ಲಿ ಇದು ಸಣ್ಣ ಸಂಗತಿಯಲ್ಲ ಎಂದು ಗೊತ್ತು. ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿಯುತ್ತಿರುವಾಗ ಹೊರನಾಡಿನ ಕಡೆಯ ಶಾಲೆಗೆ ಹೋಗಬೇಕಾದವರನ್ನು ಕೇಳಿ. ಪಾಠಗಳ ಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಲಿ, ಓದಲು ಕಾದಿರುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಖಡಾಖಂಡಿತ. ಮಕ್ಕಳ ಉತ್ತರ ಪತ್ರಿಕೆಯ ಫೋಟೋವನ್ನು ಹೆಸರು, ಶಾಲೆ ಸಮೇತ ಈ ಆ್ಯಪ್‌ಗಳಿಗೆ ಹಾಕಿ ತಿದ್ದಿಸುತ್ತಿರುವುದನ್ನು ನೋಡಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಕಾಯ್ದೆ ಹಾಗಿರಲಿ, ಲೈನ್ ಮನೆಯ ತಾಯಿಯೊಬ್ಬಳಿಗೆ ತಿಳಿಯದೆ ಅವಳ ಮಗುವಿನ ಸೊನ್ನೆ ಅಂಕವನ್ನು ಎಲ್ಲೋ ಕಳಿಸುವುದು ಸರಿಯೇ? ತಪ್ಪಿನ ಪುಸ್ತಕದಲ್ಲಿ ಮಗುವಿನ ಹೆಸರು ಬೇಡ, ಬೆಂಚಿನ ಸಂಖ್ಯೆ ಸಾಕು.

ದಶಮಾಂಶ ಪಾಠ ಮಾಡಿದ ಪ್ರಶಿಕ್ಷಣಾರ್ಥಿ ಮರುದಿನ ಮಳೆಯ ಅಂಕಿಗಳನ್ನು ತರಿಸಿದರು. ಹತ್ತು ಮಕ್ಕಳು ಹತ್ತು ತೋಟಗಳ ಅಂಕಿ ತಂದರು. ಒಂದೇ ದಿನ, ಒಂದೇ ಊರು, ಒಂದು ಕಡೆ 0.85, ಇನ್ನೊಂದು ಕಡೆ 1.4. ಈ 1.4 ಎಂದರೆ ಒಂದೂ ನಾಲ್ಕೋ ಒಂದೂ ನಲವತ್ತೋ ಎಂದು ಜಗಳವೇ ಆಯಿತು. ತಂದ ಹುಡುಗಿಗೆ ಗೊತ್ತಿರಲಿಲ್ಲ, ಮನೆಗೆ ಹೋಗಿ ಕೇಳಿ ಬರುತ್ತೇನೆ ಎಂದಳು. ಯೋಜನೆಯಲ್ಲಿದ್ದ ಅರ್ಧ ಲೆಕ್ಕಗಳೂ ಆಗಲಿಲ್ಲ. ಆ ಪಾಠಕ್ಕೆ ನಮ್ಮ ಈಗಿನ ನಮೂನೆಯ ಪ್ರಕಾರ ‘ಸಮಯ ನಿರ್ವಹಣೆ’ಯಲ್ಲಿ ಅಂಕ ಕಳೆಯಬೇಕಾಗಿತ್ತು. ನಾನು ಕಳೆಯಲಿಲ್ಲ.

ಮುಂದಿನ ಸುತ್ತಿನಲ್ಲಿ ನನ್ನ ಪಾಲಿಗೆ ಬರುವ ಶಾಲೆಗಳಲ್ಲಿ ತಪ್ಪಿನ ಪುಸ್ತಕವನ್ನು ಆರಂಭಿಸುತ್ತಿದ್ದೇನೆ. ನಾಲ್ಕು ಕಲಂಗಳ ನಮೂನೆ ಗಣಿತ ಪ್ರಯೋಗಾಲಯದ ಕಪಾಟಿನಲ್ಲಿ, ಭಿನ್ನರಾಶಿ ಪಟ್ಟಿಗಳ ಡಬ್ಬಿಯ ಪಕ್ಕದಲ್ಲಿದೆ. ಬೇಕಾದವರು ಜೆರಾಕ್ಸ್ ಮಾಡಿಕೊಂಡು ಮೂಲವನ್ನು ಅಲ್ಲೇ ಇಡಬೇಕು.